ಮೇಲಿನ ಹೊಲದ ನೀರು

ಹೌಗನ್ ಹಳ್ಳ, ವಿಸ್ಕಾನ್ಸಿನ್
ಏಪ್ರಿಲ್ ೨೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಮಾರ್ಲಿಸ್,

ಲಕೋಟೆಯ ಮೇಲೆ ನನ್ನ ಅಕ್ಷರ ಕಂಡ ಕೂಡಲೇ ನೀನು ಇದನ್ನು ಒಡೆಯದೆ ಪಕ್ಕಕ್ಕಿಡಬಹುದು. ಇಡಬೇಡ. ಕ್ರಿಸ್ಮಸ್ಸಿಗೆ ನೀನು ಕಳಿಸಿದ ಕಾರ್ಡಿಗೆ ನಾನು ಉತ್ತರ ಬರೆಯಲಿಲ್ಲ. ನಾಲ್ಕು ತಿಂಗಳಿಂದ ಅದು ಅಡುಗೆಮನೆಯ ಬ್ರೆಡ್ ಡಬ್ಬಿಯ ಹಿಂದೆ ಇದೆ. ದಿನಕ್ಕೆರಡು ಸಲ ಕಣ್ಣಿಗೆ ಬೀಳುತ್ತದೆ.

ಮೊದಲು ಒಳ್ಳೆಯ ಸುದ್ದಿ ಹೇಳಿಬಿಡುತ್ತೇನೆ. ಹಳ್ಳಕ್ಕೆ ಮೀನು ಬಂದಿದೆ.

ನಿನ್ನೆ ಗಾಳಿಯಿರಲಿಲ್ಲ. ಮೋಡ ಗುಡ್ಡದ ತಲೆಯವರೆಗೆ ಇಳಿದಿತ್ತು, ಹನಿಯೋ ಮಂಜೋ ಗೊತ್ತಾಗದ ಹಾಗೆ ಬೀಳುತ್ತಿತ್ತು. ಇಂಥ ದಿನವೇ ನೀನು ಫೋನ್ ಮಾಡಿ, "ಪಾತ್ರೆ ಆಮೇಲೆ ತೊಳಿಯೋವಂತೆ, ಬಾರೇ, ಇವತ್ತು ನೊಣ ಏಳ್ತವೆ" ಅನ್ನುತ್ತಿದ್ದದ್ದು. ವರ್ಷದಿಂದ ನಾನು ಗಾಳದ ಕೋಲು ಮುಟ್ಟಿರಲಿಲ್ಲ. ಊಟವಾದ ಮೇಲೆ ಯಾಕೋ ತೆಗೆದೆ. ರಬ್ಬರ್ ಬೂಟಿನೊಳಗೆ ಇಲಿ ಗೂಡು ಕಟ್ಟಿತ್ತು, ಕೊಡವಿ ಹಾಕಿಕೊಂಡು ಸೇತುವೆಯ ಕೆಳಗಿನ ತಿರುವಿಗೆ ಹೋದೆ.

ಎರಡು ಗಂಟೆಯ ಹೊತ್ತಿಗೆ ನೀರಿನೊಳಗಿಂದ ನೊಣ ಎದ್ದವು. ಆ ಸಣ್ಣವೇ, ಬೂದು ರೆಕ್ಕೆ ನಿಗುರಿಸಿಕೊಂಡು ನೀರಿನ ಮೇಲೆ ತೇಲಿ ಬರುವವು. ವಿಲ್ಲೋ ಮರದ ಬೇರಿನ ಪಕ್ಕ ನೀರಿನಲ್ಲಿ ಒಂದು ಉಂಗುರ ಎದ್ದಿತು. ಮಳೆಹನಿ ಅಂದುಕೊಂಡೆ. ಮತ್ತೆ ಅದೇ ಜಾಗದಲ್ಲಿ ಎದ್ದಿತು. ಒದ್ದೆ ಹುಲ್ಲಿನಲ್ಲಿ ಮಂಡಿಯೂರಿದೆ. ಮೀನು ಮೂರು ಸಲ ಎದ್ದ ಮೇಲೆಯೇ ಎಸೆಯಬೇಕು ಅಂತ ನೀನು ಕಲಿಸಿದ್ದೆಯಲ್ಲ, ಹಾಗೇ ಎಣಿಸಿದೆ. ಮೊದಲ ಎಸೆತ ದಪ್ಪನೆ ಬಿತ್ತು. ಎರಡನೆಯದು ಹಿಂದೆ ಬೇಲಿಯ ತಂತಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಬಂದು ಕೂತೆ. ಮೂರನೆಯ ಸಲ, ಕೊಕ್ಕೆಗೆ ಗರಿ ಸುತ್ತಿ ಕಟ್ಟಿದ ನನ್ನ ಹುಸಿ ನೊಣ ಬೇರಿಗಿಂತ ಒಂದು ಮೊಳ ಮೇಲೆ ಹರಿವಿಗೆ ಇಳಿದು, ದಾರ ಎಳೆಯದೆ, ನಿಜವಾದ ನೊಣಗಳ ನಡುವೆ ತಾನೂ ಅವುಗಳಲ್ಲೊಂದು ಅನ್ನುವ ಹಾಗೆ ತೇಲಿ ಬಂತು. ಮೀನು ಮೇಲೆ ಬಂದು ತೆಗೆದುಕೊಂಡಿತು.

ಗೇಣುದ್ದ ಟ್ರೌಟ್. ಕೈ ನೆನೆಸಿಕೊಂಡು ಹಿಡಿದೆ. ಪಕ್ಕೆಯ ಮೇಲಿನ ಕೆಂಪು ಚುಕ್ಕೆಗಳ ಸುತ್ತ ತಿಳಿ ಬಣ್ಣದ ಅಂಚು, ಆ ಕೈಗೆ ಮಾತ್ರ ಗೊತ್ತಾಗುವ ತಣ್ಣನೆ ಗಟ್ಟಿತನ. ಕೊಕ್ಕೆ ಬಿಡಿಸಿ, ಹರಿವಿಗೆ ಮುಖ ಮಾಡಿ ನೀರಲ್ಲಿ ಹಿಡಿದೆ, ಬೆರಳ ಸಂದಿಯಿಂದ ಹೋಯಿತು. "ಮಾರ್ಲಿಸ್, ನೋಡೇ!" ಅಂತ ಕೂಗೇಬಿಟ್ಟೆ. ಆಚೆ ದಂಡೆಯಲ್ಲಿ ಮೇಯುತ್ತಿದ್ದ ಹಸುವೊಂದು ತಲೆಯೆತ್ತಿ ನನ್ನನ್ನು ನೋಡಿತು.

ಆಮೇಲೆ ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಅದಕ್ಕೇ ಈ ಕಾಗದ. ಇವತ್ತು ಚರ್ಚಿಗೂ ಹೋಗಲಿಲ್ಲ.

ನನ್ನ ಸೆಲ್ಮರ್ ಸತ್ತ ವರ್ಷ ನಾನು ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪಕ್ಕದ ಹೊಲದವರೆಲ್ಲ ಬೇಯಿಸಿದ ಊಟ ತಂದಿಟ್ಟು ಮೆಲ್ಲಗೆ ಮಾತಾಡಿ ಹೋಗುತ್ತಿದ್ದರು. ನೀನೊಬ್ಬಳು ಬರಿಗೈಯಲ್ಲಿ ಬಂದು, "ಎಷ್ಟು ದಿನ ಅಂತ ಅವನ ಗ್ರೀಸ್ ಮೆತ್ತಿದ ಟೋಪಿ ನೋಡ್ಕೊಂಡು ಕೂತಿರ್ತೀಯ? ಏಳು, ಬೂಟು ಹಾಕ್ಕೋ" ಅಂದೆ. ಚರ್ಚಿನ ಹುಲ್ಲಿನ ಮೇಲೆ, ದಾರದ ತುದಿಗೆ ಕೊಕ್ಕೆಯ ಬದಲು ಕೆಂಪು ಉಣ್ಣೆ ಕಟ್ಟಿ ಎಸೆಯಲು ಕಲಿಸಿದೆ. ಪ್ರಾರ್ಥನೆ ಮುಗಿಸಿ ಬಂದವರು ನಿಂತು ನಗುತ್ತಿದ್ದರು. ನಿನ್ನ ಲೈಲ್, "ನಮ್ಮೋಳು ಕೆಟ್ಟಿದ್ದು ಸಾಲ್ದು ಅಂತ ಈಗ ವರ್ನಾನೂ ಕೆಡಿಸ್ತಾಳೆ. ಇನ್ನು ಎರಡು ಮನೇಲೂ ಏಪ್ರಿಲ್ಲಲ್ಲಿ ಅಡುಗೆ ಇಲ್ಲ" ಅಂದಿದ್ದ. ಹನ್ನೊಂದು ವಸಂತ ನಾವು ಒಟ್ಟಿಗೆ ಆ ಹಳ್ಳದಲ್ಲಿ ನಿಂತೆವು. ವಿಲ್ಲೋ ಬೇರಿನ ಕೆಳಗಿದ್ದ ಆ ಮುದಿ ಮೀನಿಗೆ ನೀನು ಪಾದ್ರಿ ಅಂತ ಹೆಸರಿಟ್ಟಿದ್ದೆ. ಕಪ್ಪು ಕೋಟು, ಏನು ಕೊಟ್ಟರೂ ಬೇಡ ಅನ್ನುವ ಮುಖ. ನಾಲ್ಕು ವರ್ಷ ಅದಕ್ಕೆ ನೊಣ ಕಟ್ಟಿ ಕಟ್ಟಿ ನಿನ್ನ ಕನ್ನಡಕದ ನಂಬರ್ ಹೆಚ್ಚಾಯಿತು.

ಕಳೆದ ವರ್ಷ ಮಾರ್ಚ್ ಕೊನೆಯ ಆ ಶನಿವಾರ ಬೆಳಿಗ್ಗೆ ನಾವು ವರ್ಷದ ಮೊದಲ ಗಾಳ ಹಾಕಬೇಕಿತ್ತು. ಏಳಕ್ಕೆ ನಿನ್ನ ಫೋನ್ ಬಂತು. ನೀನು ಕೂಗಲಿಲ್ಲ. "ವರ್ನಾ, ಹಳ್ಳಕ್ಕೆ ಬಾ. ಕೋಲು ತರಬೇಡ" ಅಂದೆ.

ರಾತ್ರಿಯ ಮಳೆಗೆ ನೀರು ಉಕ್ಕಿ, ಕಂದು ಬಣ್ಣಕ್ಕೆ ತಿರುಗಿ, ನೊರೆ ಕಟ್ಟಿ, ಸಗಣಿ ವಾಸನೆ ಹೊಡೆಯುತ್ತಿತ್ತು. ಹೊಟ್ಟೆ ಮೇಲಾದ ಮೀನುಗಳು ಹುಲ್ಲಿನ ಬುಡದಲ್ಲಿ, ಬೇಲಿಯ ತಂತಿಯಲ್ಲಿ, ಸೇತುವೆಯ ಕಂಬಕ್ಕೆ ಒತ್ತಿಕೊಂಡು ಬಿದ್ದಿದ್ದವು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು. ನೀನು ಮೊಣಕೈವರೆಗೆ ಆ ನೀರಿಗೆ ಕೈ ಹಾಕಿ ಪಾದ್ರಿಯನ್ನು ಎತ್ತಿದೆ. ಎಷ್ಟು ದೊಡ್ಡದಿತ್ತು! "ಇದನ್ನ ಹಿಡೀಬೇಕು ಅಂತಿದ್ದೆ ಕಣೇ, ಹೀಗಲ್ಲ" ಅಂದೆ. ಆಗ ನಿನ್ನ ಪಕ್ಕದಲ್ಲಿ ನಿಂತಿದ್ದ ನನಗೆ ಎಲ್ಲ ಗೊತ್ತಿತ್ತು, ಮಾರ್ಲಿಸ್. ಮೇಲಿನ ಹೊಲದ ನೀರು ಅದು. ನಿಮ್ಮದಲ್ಲ, ನಮ್ಮದು.

ಬರೆದುಬಿಟ್ಟೆ. ಈಗ ಉಳಿದದ್ದನ್ನೂ ಬರೆಯುತ್ತೇನೆ.

ನಮ್ಮ ಕೊಟ್ಟಿಗೆಯ ಹಿಂದಿನ ಸಗಣಿ ಗುಂಡಿ ಚಳಿಗಾಲ ಕಳೆಯುವಷ್ಟರಲ್ಲಿ ಅಂಚಿಗೆ ಬಂದಿತ್ತು. ಶುಕ್ರವಾರ ಮಧ್ಯಾಹ್ನ ರಸ್ಸೆಲ್ ಟ್ಯಾಂಕರಿನಲ್ಲಿ ತುಂಬಿ ತುಂಬಿ ಅದನ್ನು ಮೇಲಿನ ಹೊಲದ ಇಳಿಜಾರಿಗೆ ಚೆಲ್ಲಿದ. ನಾನು ಬೇಡ ಅಂದೆ. "ನೆಲ ಇನ್ನೂ ಕಲ್ಲಿನ ಹಾಗೆ ಹೆಪ್ಪುಗಟ್ಟಿದೆ, ಮಳೆ ಬಂದ್ರೆ ಒಂದು ತೊಟ್ಟೂ ಇಂಗಲ್ಲ, ಎಲ್ಲಾ ಹಳ್ಳಕ್ಕೇ" ಅಂದೆ. ಮಗ ಕೇಳಲಿಲ್ಲ. ನಿಮ್ಮ ಮನೆಯಿಂದ ಆ ಇಳಿಜಾರು ಕಾಣುವುದಿಲ್ಲ, ರಸ್ತೆಗೂ ಕಾಣುವುದಿಲ್ಲ. ರಾತ್ರಿ ಮಳೆ ಸುರಿಯಿತು. ನಿಮ್ಮ ಕಡೆಯ ನೀರೂ ನಮ್ಮ ಕಡೆಯ ನೀರೂ ಒಂದೇ ಕೊರಕಲಿಗೆ ಇಳಿಯುವುದರಿಂದ, ಬೆಳಗಾಗುವಷ್ಟರಲ್ಲಿ ಯಾವುದು ಯಾರದು ಅಂತ ಹೇಳಲು ಏನೂ ಉಳಿದಿರಲಿಲ್ಲ.

ಮೀನು ಎಣಿಸಲು ಬಂದ ಅಧಿಕಾರಿ ಸೇತುವೆಯ ಮೇಲೆ ನಿಂತು ಕೇಳಿದ್ದು ನಿನಗೆ ನೆನಪಿದೆ. "ಈ ವಾರ ಯಾರು ಗೊಬ್ಬರ ಹಾಕಿದ್ದೀರಿ?" ಲೈಲ್ ಒಂದು ಕ್ಷಣವೂ ಯೋಚಿಸಲಿಲ್ಲ. "ನಾನು ಹಾಕಿದ್ದೆ. ಸೋಮವಾರ. ಗುಡ್ಡದ ಮೇಲಿನ ಸಮತಟ್ಟಲ್ಲಿ, ಎರಡೇ ಗಾಡಿ, ಒಣ ಗೊಬ್ಬರ" ಅಂದ. ಅಧಿಕಾರಿ ನನ್ನ ಕಡೆ ತಿರುಗಿ, "ನೀವೇನಾದ್ರೂ ನೋಡಿದ್ರಾ, ಮೇಡಂ?" ಅಂದ. "ಹೌದು, ಲೈಲ್ ಟ್ರಾಕ್ಟರ್ ಗುಡ್ಡದ ಮೇಲೆ ಹೋಗೋದು ನೋಡಿದೆ. ನಮ್ಮದು ಇನ್ನೂ ಗುಂಡೀಲೇ ಇದೆ" ಅಂದೆ. ಮೊದಲ ಮಾತು ನಿಜ. ಎರಡನೆಯದನ್ನೂ ನಾನು ಅದೇ ಉಸಿರಿನಲ್ಲಿ ಹೇಳಿದೆ. ನನ್ನ ಮಾತನ್ನು ಪರೀಕ್ಷಿಸಲು ಯಾರೂ ಬರಲಿಲ್ಲ. ಸೆಲ್ಮರ್ ಟಾಲೆಫ್ಸನ್‌ನ ಹೆಂಡತಿ, ಚರ್ಚಿನಲ್ಲಿ ಕಾಫಿ ಬಗ್ಗಿಸುವವಳು, ಅವಳೇಕೆ ಸುಳ್ಳು ಹೇಳುತ್ತಾಳೆ?

ಮುಂದಿನದು ನಿನಗೆ ಗೊತ್ತು. ಪತ್ರಿಕೆಯಲ್ಲಿ ಲೈಲ್ ಹೆಸರು ಬಂತು. ಯಾರೋ ನಿಮ್ಮ ಅಂಚೆ ಡಬ್ಬಿಯೊಳಗೆ ಸತ್ತ ಮೀನು ತುರುಕಿದರು. ಹತ್ತು ವರ್ಷ ಹೆಂಗಸರಿಗೆ ಗಾಳ ಎಸೆಯಲು ಕಲಿಸಿದ ನಿನ್ನನ್ನು, ಗಾಳದವರ ಸಂಘ ಆ ವರ್ಷ ಕರೆಯಲಿಲ್ಲ. ನೀನು ನಮ್ಮ ಅಡುಗೆಮನೆಯಲ್ಲಿ ಕೂತು, "ಜನ ಬಯ್ದರೆ ಬಯ್ಯಲಿ. ನೀನಾದ್ರೂ ನನ್ನ ಜೊತೆ ಮಾತಾಡ್ತೀಯಲ್ಲ" ಅಂದೆ. ನಾನು ನಿನ್ನ ಲೋಟಕ್ಕೆ ಇನ್ನಷ್ಟು ಕಾಫಿ ಹಾಕಿದೆ. ಅಷ್ಟೇ ಮಾಡಿದೆ.

ಆಗಸ್ಟಿನಲ್ಲಿ ನೀವು ಊರು ಬಿಡುವ ಮುಂಚೆ, ನಿಮ್ಮ ಹಸುಗಳನ್ನು ಲಾರಿಗೆ ಹತ್ತಿಸುವಾಗ ಲೈಲ್ ನನ್ನ ಹತ್ತಿರ ಬಂದು ಒಂದು ಮಾತು ಹೇಳಿದ. ನಿನಗೆ ಹೇಳಿದ್ದಾನೋ ಇಲ್ಲವೋ. "ಎರಡು ಗಾಡಿಯಿಂದ ಅಷ್ಟು ಆಗುತ್ತೆ ಅಂತ ನನಗೆ ಗೊತ್ತಿರಲಿಲ್ಲ, ವರ್ನಾ. ಆಗಿದೆ ಅಂದ್ಮೇಲೆ ಆಗಿದೆ. ನೀನೂ ಮಾರ್ಲಿಸೂ ಆ ಹಳ್ಳದಲ್ಲಿ ಎಷ್ಟು ಖುಷಿಯಾಗಿರ್ತಿದ್ರಿ. ಕ್ಷಮಿಸು" ಅಂದ. ಅವನು ನನ್ನ ಕ್ಷಮೆ ಕೇಳಿದ. ನಾನು ಅವನ ತೋಳು ತಟ್ಟಿ, "ಹೋಗಲಿ ಬಿಡು ಲೈಲ್" ಅಂದೆ.

ನನ್ನ ಬಗ್ಗೆ ನಿನಗೆ ಅಸಹ್ಯ ಹುಟ್ಟಲು ಈ ಒಂದು ಮಾತೇ ಸಾಕು ಅಂತ ನನಗೆ ಗೊತ್ತು.

ಕ್ರಿಸ್ಮಸ್ ಕಾರ್ಡಿನಲ್ಲಿ ನೀನು ಬರೆದಿದ್ದೆ: ಲೈಲ್ ಈಗ ನೀರಿನ ಹತ್ತಿರ ಹೋಗುವುದಿಲ್ಲ, ಕಾರು ಸೇತುವೆ ದಾಟುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ, ತಾನೇ ಕೊಂದೆ ಅನ್ನುತ್ತಾನೆ ಅಂತ. ನಾನು ಅದನ್ನು ಓದಿ ಮಡಚಿಟ್ಟೆ. ನಿನ್ನೆ ಆ ಮೀನು ಕೈಯಿಂದ ಹೋದ ಮೇಲೆ ಮಡಚಿಡಲು ಜಾಗವಿಲ್ಲವಾಯಿತು. ಹಳ್ಳ ತನ್ನ ಪಾಡಿಗೆ ತಾನು ಸರಿಹೋಗುತ್ತಿದೆ. ಮೇಲಿನ ಒರತೆಗಳಲ್ಲಿ ಬದುಕಿ ಉಳಿದವು ಒಂದೊಂದಾಗಿ ಕೆಳಗಿಳಿಯುತ್ತಿವೆ. ಲೈಲ್ ಮಾತ್ರ ಅಯೋವಾದಲ್ಲಿ ನಿನ್ನ ತಂಗಿಯ ಮನೆಯ ಕೋಣೆಯಲ್ಲಿ, ಮಾಡದ ತಪ್ಪು ಹೊತ್ತು ಕೂತಿದ್ದಾನೆ.

ಅವನಿಗೆ ಇದನ್ನು ಓದಿ ಹೇಳು. ನಿನಗೆ ಬೇರೇನೂ ಮಾಡಲು ಮನಸ್ಸಾಗದಿದ್ದರೂ ಅದೊಂದು ಮಾಡು. ಅವನ ಎರಡು ಗಾಡಿ ಗೊಬ್ಬರದಿಂದ ಒಂದು ಮೀನೂ ಸತ್ತಿಲ್ಲ.

ನಾಳೆ ಅಧಿಕಾರಿಯ ಕಚೇರಿ ತೆರೆದ ಕೂಡಲೇ ಹೋಗುತ್ತೇನೆ. ರಸ್ಸೆಲ್‌ನನ್ನೂ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅವನ ವಿಷಯ ಏನು ಬರೆಯಲಿ? ಆ ದಿನದಿಂದ ಅವನು ನನ್ನ ಜೊತೆ ಕೂತು ಊಟ ಮಾಡುವುದಿಲ್ಲ. ನಿಂತೇ ಬ್ರೆಡ್ ತಿಂದು ಕೊಟ್ಟಿಗೆಗೆ ಹೋಗುತ್ತಾನೆ. "ಸುಮ್ಮನಿರು, ಆಡಿದ ಮಾತು ಆಡಿಯಾಯ್ತು" ಅಂತ ಅಂದು ಹೇಳಿದ್ದು ಅವನ ಎದೆಯಲ್ಲೇ ಕೂತಿರಬೇಕು. ತಾಯಿಯಾಗಿ ಮಗನನ್ನು ಕಾಪಾಡಿದೆ ಅಂತ ನೀನು ಅರ್ಥ ಮಾಡಿಕೊಳ್ಳುತ್ತೀಯ ಅಂದುಕೊಂಡಿದ್ದೇನೆ. ನೀನೂ ಎರಡು ಹೆತ್ತವಳು.

ಉತ್ತರ ಬರೆಯದಿದ್ದರೆ ಅದನ್ನೂ ಉತ್ತರವೆಂದೇ ತಿಳಿಯುತ್ತೇನೆ.

ನಿನ್ನ ಗೆಳತಿ ಅಂತ ಬರೆಯಲು ಕೈ ಬರುತ್ತಿಲ್ಲ,
ವರ್ನಾ

ತಾ.ಕ.: ಲಕೋಟೆ ಅಂಟಿಸಿ, ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ಆ ಹಾಳೆ ಹರಿದು ಬೇರೆ ಬರೆಯಬಹುದಿತ್ತು. ತಪ್ಪೊಪ್ಪಿಕೊಳ್ಳಲು ಕೂತವಳು ಎಷ್ಟು ಸಲೀಸಾಗಿ ಸುಳ್ಳು ಬರೆದಿದ್ದೇನೆ ಅಂತ ನೀನು ನೋಡಬೇಕು, ಅದಕ್ಕೇ ಹಾಗೇ ಬಿಟ್ಟಿದ್ದೇನೆ.

ಆ ಶುಕ್ರವಾರ ರಸ್ಸೆಲ್ ಊರಿನಲ್ಲಿರಲಿಲ್ಲ. ಸೊಸೆಯ ಜೊತೆ ಅವಳ ತವರಿಗೆ ಹೋಗಿದ್ದ. ನೆಲ ಹೆಪ್ಪುಗಟ್ಟಿದೆ, ಮಳೆ ಬಂದರೆ ಎಲ್ಲಾ ಹಳ್ಳಕ್ಕೇ ಅಂದದ್ದು ಅವನು, ಹೊರಡುವಾಗ, ನನಗೆ. "ಸ್ವಲ್ಪ ಜಾಗ ಇದೆ ಅಮ್ಮಾ, ಶನಿವಾರ ಸಂಜೆ ವಾಪಸ್ ಬರ್ತೀನಿ, ಭಾನುವಾರ ನೋಡೋಣ" ಅಂದಿದ್ದ. ಟ್ಯಾಂಕರ್ ಓಡಿಸಿದವಳು ನಾನು. ಗುಂಡಿ ತುಂಬಿ ಹರಿದೀತು ಅಂತ ಶನಿವಾರ ಬೆಳಿಗ್ಗೆ ಮನೆಯಲ್ಲೇ ಕಾವಲು ಕೂರಬೇಕಾಗುತ್ತದೆ ಅನ್ನಿಸಿತ್ತು. ನಿನ್ನ ಜೊತೆ ಮೀನು ಹಿಡಿಯುವ ಮೊದಲ ದಿನ ತಪ್ಪಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಸುಮ್ಮನಿರು ಅಂದವಳೂ ನಾನೇ. ಅವನು ಒಂದು ವರ್ಷ ಸುಮ್ಮನಿದ್ದಾನೆ. ನಾಳೆ ನಾನೊಬ್ಬಳೇ ಹೋಗುತ್ತೇನೆ.