ಪಿಕಪ್ಪಿನೊಳಗೆ ಮೂವರು ಪ್ರಾಂಪ್ಟರ್‌ಗಳು

ಅಂಗಡಿಯ ಹಿಂದಿನ ಕೋಣೆಯಿಂದ,
ಭಾನುವಾರ ಮಧ್ಯಾಹ್ನ, ತಾರೀಖು ಹದಿನೇಳು
(ಗೋಡೆಯ ಕ್ಯಾಲೆಂಡರನ್ನು ಎರಡು ಸಲ ನೋಡಿ ಬರೆದದ್ದು)

ನಡುಮನೆಯಲ್ಲಿ ನೆರೆದಿರುವ ಮಹಾಜನರೇ, ಕುರ್ಚಿ ಹಿಡಿದ ದೊಡ್ಡವರೇ, ಚಾಪೆಯ ಮೇಲೆ ಉರುಳಾಡುವ ಚಿಕ್ಕವರೇ, ಕಿವಿ ಕೇಳಿಸದಿದ್ದರೂ ಸರಿಯಾದ ಜಾಗದಲ್ಲಿ ತಲೆಯಾಡಿಸುವ ಪಕ್ಕದ ಮನೆಯ ಹಳೇ ಪೋಸ್ಟ್‌ಮನ್ನರೇ, ಸದ್ದಡಗಲಿ. ಪರದೆ ಏಳುತ್ತಿದೆ. ನನ್ನ ಕಾಗದ ಬಂತೆಂದರೆ ಅಕ್ಕ ನಿಮ್ಮನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಾಳೆಂದು ನನಗೆ ಗೊತ್ತು. ಅದಕ್ಕೇ ಮೊದಲ ನಮಸ್ಕಾರ ಸಭೆಗೆ.

ಇನ್ನು, ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅಕ್ಷರ ನೆಟ್ಟಗೆ ಕಾಣುತ್ತಿವೆಯೇ? ಕಾಣದಿದ್ದರೂ ಚಿಂತೆಯಿಲ್ಲ, ನೀನು ಓದುವುದು ಕಣ್ಣಿಂದಲ್ಲ, ಗಂಟಲಿಂದ. ಭಾವನ ಮೊಣಕಾಲು ಮೆಟ್ಟಿಲು ಹತ್ತಲು ಒಪ್ಪಿತೇ, ಇಲ್ಲ ಇನ್ನೂ ಮುಷ್ಕರವೇ? ಇಲ್ಲಿ ಸೊಸೆ ಚೆನ್ನಾಗಿದ್ದಾಳೆ, ಅಂಗಡಿಯ ಮುಕ್ಕಾಲು ಭಾರ ಈಗ ಅವಳ ಹೆಗಲ ಮೇಲೆ. ಮಗನ ಹಡಗು ದಡ ಮುಟ್ಟಲು ಇನ್ನೂ ಮೂರು ತಿಂಗಳಿದೆ. ಮೊಮ್ಮಗಳು ಚಟಾಕಿಗೆ ಏಳು ತುಂಬಿತು, ಮುಂದಿನ ಎರಡು ಹಲ್ಲು ಬಿದ್ದು ಮಾತೆಲ್ಲ ಗಾಳಿಯ ಜೊತೆ ಹೊರಗೆ ಬರುತ್ತಿದೆ. ನಾನು ಮೈಯಲ್ಲಿ ಗಟ್ಟಿಯಾಗಿದ್ದೇನೆ. ಒಂದು ಕೈಯಲ್ಲಿ ಬ್ಯಾಟರಿ ಎತ್ತುತ್ತೇನೆ, ಎರಡು ಹೊತ್ತು ಹೊಟ್ಟೆ ತುಂಬ ಉಣ್ಣುತ್ತೇನೆ. ಮೈಯ ವಿಷಯ ಇಷ್ಟೇ. ಉಳಿದದ್ದಕ್ಕಾಗಿ ಈ ಕಾಗದ.

ಸುದ್ದಿ ಹೇಳುತ್ತೇನೆ, ಯಾರೂ ನಗಬಾರದು. ನಮ್ಮ ಪಿಕಪ್ಪಿಗೆ ನಾನು ದಾರಿ ತೋರಿಸುವ ಯಂತ್ರ ಕೂರಿಸಿದ್ದೇನೆ. ನೋಡು, ಭಾವ ಆಗಲೇ ನಕ್ಕಾಯಿತು. ನಗಲಿ ಬಿಡು. ಮೂವತ್ತೊಂದು ವರ್ಷ ಊರವರ ಗಾಡಿಗಳಿಗೆ ವೈರು ಎಳೆದವನು ನಾನು. ಈ ಯಂತ್ರಗಳು ಮಾರ್ಕೆಟ್ಟಿಗೆ ಬಂದಾಗಿನಿಂದ ನೂರಾರು ಡ್ಯಾಶ್‌ಬೋರ್ಡುಗಳ ಹೊಟ್ಟೆ ಬಗೆದು ಒಳಗೆ ಕೂರಿಸಿದ್ದೇನೆ. ಪ್ರತಿ ಸಲವೂ ಗಿರಾಕಿಯ ಮುಂದೆ ಎದೆ ಉಬ್ಬಿಸಿ, 'ಸ್ವಾಮೀ, ಇದು ನಿಮಗೆ. ನನ್ನ ಗಾಡಿಗೆ ನನ್ನ ತಲೆಯೇ ನಕ್ಷೆ' ಎಂದು ಗುಡುಗಿದ್ದೇನೆ. ಆಡಿದ ಮಾತು ಅಷ್ಟು ದೂರ ಹೋಗಿ ಮತ್ತೆ ನನ್ನ ಬೆನ್ನಿಗೇ ಬಂದು ಬಡಿಯುತ್ತದೆಂದು ಯಾರಿಗೆ ಗೊತ್ತಿತ್ತು.

ಕಳೆದ ತಿಂಗಳ ಒಂದು ಗುರುವಾರ. ಮೂರೂಕಾಲಕ್ಕೆ ಶಾಲೆ ಬಿಟ್ಟಿತು. ಹಿಂದುಗಡೆ ನಾಲ್ಕು ಬ್ಯಾಟರಿ, ಪಕ್ಕದ ಸೀಟಿನಲ್ಲಿ ಚಟಾಕಿ. ಶಾಲೆಯಿಂದ ಅಂಗಡಿಗೆ ಹನ್ನೊಂದು ನಿಮಿಷದ ದಾರಿ. ನಡುವೆ ನೀರಿನ ಟ್ಯಾಂಕಿನ ಸುತ್ತ ಒಂದು ವೃತ್ತ, ಅಲ್ಲಿಂದ ನಾಲ್ಕು ರಸ್ತೆ ಒಡೆಯುತ್ತವೆ. ನಿದ್ದೆಗಣ್ಣಲ್ಲೂ ತಿರುಗಬಲ್ಲ ತಿರುವು. ಅವತ್ತು ವೃತ್ತಕ್ಕೆ ಬಂದೆ, ನಾಲ್ಕು ರಸ್ತೆಗಳ ಮುಖ ನೋಡಿದೆ, ನಾಲ್ಕೂ ಅಪರಿಚಿತ. ಅಕ್ಕಾ, ಅಪ್ಪನ ನಾಟಕ ಕಂಪನಿಯಲ್ಲಿ ಒಮ್ಮೊಮ್ಮೆ ಸೀನರಿ ಪರದೆ ತಪ್ಪಿ ಬಿದ್ದು, ರಾಜ ಅರಮನೆಯ ಮಾತಾಡುತ್ತಿರುವಾಗ ಬೆನ್ನ ಹಿಂದೆ ಕಾಡು ಬಂದು ನಿಲ್ಲುತ್ತಿತ್ತಲ್ಲ, ಹಾಗೆ. ಅಂಗಡಿ, ಕಂಬ, ಬೇಲಿ ಎಲ್ಲ ಇದ್ದವು. ಆದರೆ ಅದು ನಮ್ಮ ನಾಟಕದ ಪರದೆಯಲ್ಲ. ಒಂದು ಸುತ್ತು ಹಾಕಿದೆ. ಇನ್ನೊಂದು ಹಾಕಿದೆ. ಹುಡುಗಿ ಕಿಟಕಿಗೆ ಮೂಗು ಒತ್ತಿಕೊಂಡು, 'ತಾತಾ, ಮತ್ತೆ ಅದೇ ಟ್ಯಾಂಕು' ಅಂದಳು. 'ಆಟ ಕಣೇ, ಯಾರು ಮೊದಲು ಸಾಕು ಅಂತಾರೋ ಅವರು ಸೋತ ಹಾಗೆ' ಅಂದೆ. ಅವಳು ಖುಷಿಯಿಂದ ಬಾಯಿ ಮುಚ್ಚಿಕೊಂಡಳು. ಆ ಮೌನ ಇನ್ನೂ ಭಯ ಹುಟ್ಟಿಸಿತು. ಐದನೇ ಸುತ್ತಿಗೆ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿ, ನಮ್ಮ ಅಂಗಡಿಗೆ ದಾರಿ ಯಾವುದೆಂದು ಕೇಳಿದೆ. ಅವನಿಗೆ ನಾನು ಇಪ್ಪತ್ತು ವರ್ಷದ ಗೆಳೆಯ. 'ಏನ್ ಡೈಲಾಗಣ್ಣ, ಯಾವ ನಾಟಕ ಇದು, ಟಿಕೆಟ್ ಎಷ್ಟು?' ಎಂದು ನಗುತ್ತಲೇ ಕೈ ತೋರಿಸಿದ. ಅವನು ನಕ್ಕದ್ದು ಒಳ್ಳೆಯದಾಯಿತು. ನಗದೆ ನನ್ನ ಮುಖ ನೋಡಿದ್ದರೆ ನಾನು ಅಲ್ಲೇ ಕೂತುಬಿಡುತ್ತಿದ್ದೆ.

ಮಾರನೇ ದಿನವೇ ಡ್ಯಾಶ್‌ಬೋರ್ಡು ಬಿಚ್ಚಿದೆ. ಮಕ್ಕಳಿಗೆ ಅರ್ಥವಾಗಲೆಂದು ಹೇಳುತ್ತೇನೆ: ಹಳೇ ರೇಡಿಯೋ ಎಳೆದರೆ ಗೋಡೆಯಲ್ಲಿ ಗೂಡು ಬಿಟ್ಟ ಹಾಗೆ ಒಂದು ಚೌಕ ತೂತು ಉಳಿಯುತ್ತದೆ, ಹೊಸ ಯಂತ್ರ ಅದರೊಳಗೆ ಕೂರಬೇಕು. ಕರೆಂಟಿನ ವೈರು ಒಂದು. ಆಕಾಶ ನೋಡುವ ಆಂಟೆನಾ ಒಂದು, ಬಿಲ್ಲೆಯ ಹಾಗಿರುತ್ತದೆ, ತಗಡಿನ ಕೆಳಗಿಟ್ಟರೆ ಕುರುಡಾಗುತ್ತದೆ. ಗಾಡಿ ಎಷ್ಟು ವೇಗವಾಗಿ ಓಡುತ್ತಿದೆಯೆಂದು ಹೇಳುವ ವೈರು ಒಂದು. ಹಿಂದಕ್ಕೆ ಹೋಗುತ್ತಿದೆಯೋ ಇಲ್ಲವೋ ಹೇಳುವ ವೈರು ಇನ್ನೊಂದು. ಗಿರಾಕಿಗಳು ಬದಲಾಯಿಸಿ ಬಿಟ್ಟುಹೋದವು, ಮಾರಾಟಕ್ಕೆ ಬಂದವು ಅಂತ ಕಪಾಟಿನಲ್ಲಿ ಮೂರು ಯಂತ್ರಗಳಿದ್ದವು. ವಾರಕ್ಕೊಂದರಂತೆ ಕೂರಿಸಿ, ಶಾಲೆಯ ದಾರಿಯಲ್ಲೇ ಓಡಿಸಿ, ಗೆದ್ದದ್ದನ್ನು ಇಟ್ಟುಕೊಳ್ಳುವುದು ಎಂದು ಸಾರಿದೆ. 'ಮಾವ, ನಿಮಗ್ಯಾಕೆ ಇದು, ನೀವೇ ಊರಿನ ನಕ್ಷೆ ಅಲ್ವಾ' ಎಂದಳು ಸೊಸೆ, ಮೊಳೆ ಹುಡುಕುವ ನೆಪದಲ್ಲಿ ನನ್ನ ಕಡೆ ನೋಡದೆ. 'ಗಿರಾಕಿಗೆ ಸಲಹೆ ಕೊಡೋಕೆ, ಅನುಭವ ಬೇಕಲ್ಲಮ್ಮ' ಅಂದೆ.

ಅಕ್ಕಾ, ಈ ಯಂತ್ರಗಳನ್ನು ಅಳೆಯಲು ನನ್ನಲ್ಲಿ ಒಂದೇ ಕೋಲಿತ್ತು, ಅದು ನೀನು. ಸಭೆಯಲ್ಲಿ ತಿಳಿಯದವರಿದ್ದರೆ ತಿಳಿದುಕೊಳ್ಳಲಿ: ನಿಮ್ಮ ಈ ಅಜ್ಜಿ ಹನ್ನೆರಡು ವರ್ಷದವಳಾಗಿದ್ದಾಗ ರಂಗದ ಪಕ್ಕದ ಸೈಡ್ ವಿಂಗಿನ ಕತ್ತಲಲ್ಲಿ ಮೊಣಕಾಲ ಮೇಲೆ ಪುಸ್ತಕ ಇಟ್ಟುಕೊಂಡು ಇಡೀ ಕಂಪನಿಗೆ ಪ್ರಾಂಪ್ಟರ್ ಆಗಿ, ನಟರು ಮರೆತ ಮಾತು ಎತ್ತಿಕೊಡುತ್ತಿದ್ದಳು. ಬೇಗ ಹೇಳಿದರೆ ನಟನಿಗೆ ಅವಮಾನ, ತಡವಾದರೆ ಸೀನೇ ಸತ್ತಿತು. ನಟ ಉಸಿರೆಳೆದುಕೊಂಡ ಆ ಒಂದು ಕ್ಷಣದಲ್ಲಿ, ಅವನ ಕಿವಿಗೆ ಮಾತ್ರ ಬೀಳುವಂತೆ ಪದ ಎಸೆಯಬೇಕು. ಮೊದಲನೇ ಯಂತ್ರ ವಾಚಾಳಿ. ತಿರುವು ಅರ್ಧ ಮೈಲಿ ದೂರವಿರುವಾಗಲೇ ಶುರು ಮಾಡಿ, ನಾಲ್ಕು ಸಲ ಹೇಳಿ, ತಿರುಗಿದ ಮೇಲೆ 'ತಿರುಗಿದ್ದೀರಿ' ಎಂದೂ ಹೇಳುತ್ತಿತ್ತು. ಎರಡನೆಯದು ಸೋಮಾರಿ. ತಿರುವು ದಾಟಿ ಮೂರು ಅಂಗಡಿ ಹಿಂದೆ ಬಿದ್ದ ಮೇಲೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ರಾಜ ಸತ್ತ ಮೇಲೆ 'ಮಹಾರಾಜ, ಎಚ್ಚರಿಕೆ' ಅಂದ ಹಾಗೆ. ಮೂರನೆಯದು ನಿನ್ನ ಶಿಷ್ಯೆ. ಒಂದು ಉಸಿರಿನಷ್ಟು ಮೊದಲು, ಒಂದೇ ಸಲ, ಮೆತ್ತಗೆ.

ಆದರೆ ಮೂರಕ್ಕೂ ಒಂದು ಕೆಟ್ಟ ಚಾಳಿ. ಓಡಿದ ದಾರಿಯನ್ನೆಲ್ಲ ಸ್ಕ್ರೀನಿನ ಮೇಲೆ ಕೆಂಪು ಗೆರೆಯಾಗಿ ಬರೆದಿಡುತ್ತವೆ. ಮೊದಲ ವಾರ ಪರೀಕ್ಷೆಗೆಂದು ಹೋಗಿ ನೆಟ್ಟಗೆ ಮರಳಿದವನು, ನೆಟ್ಟಗೇ ಎಂದು ಆಣೆ ಇಟ್ಟು ಹೇಳಬಲ್ಲೆ, ಗೆರೆ ನೋಡಿದರೆ ಟ್ಯಾಂಕಿನ ಸುತ್ತ ಉಂಡೆ ದಾರದ ಹಾಗೆ ಮೂರು ಸುತ್ತು. ಆಂಟೆನಾ ತಗಡಿನ ಕೆಳಗಿದೆ ಎಂದೆ. ನೋಡಿದೆ, ಗಾಜಿನ ಕೆಳಗೇ ಸರಿಯಾಗಿ ಕೂತಿತ್ತು. ಆದರೂ ಕಿತ್ತು ಬೇರೆ ಕಡೆ ಅಂಟಿಸಿದೆ. ಎರಡನೇ ಯಂತ್ರ, ಎರಡನೇ ವಾರ: ಅದೇ ಟ್ಯಾಂಕು, ಎರಡು ಸುತ್ತು. ಮೂರನೆಯದು ಕೂಡ ಒಂದು ಸುತ್ತು ಬರೆಯಿತು. ಮೂರು ಬೇರೆ ಬೇರೆ ಕಾರ್ಖಾನೆಗಳಲ್ಲಿ ಹುಟ್ಟಿ ಒಬ್ಬರ ಮುಖ ಒಬ್ಬರು ನೋಡದ ಮೂವರು ಸಾಕ್ಷಿಗಳು ಕಟಕಟೆಗೆ ಬಂದು ಒಂದೇ ಹೇಳಿಕೆ ಕೊಟ್ಟರೆ ನ್ಯಾಯಾಧೀಶ ಏನು ಮಾಡಬೇಕು ಹೇಳಿ ಮಹಾಜನರೇ. ನಾನು ಗೆರೆ ಅಳಿಸಿದೆ. 'ಯಂತ್ರ ಅಂದ ಮೇಲೆ ತಪ್ಪುತ್ತೆ' ಎಂದು ಸೊಸೆಗೆ ಹೇಳಿದೆ. 'ಹೂಂ ಮಾವ' ಅಂದಳು.

ಕೊನೆಯ ತಮಾಷೆ ಮೊನ್ನೆ ಬುಧವಾರದ್ದು. ಮಾರ್ಕೆಟ್ಟಿನ ಕೆಳಗೆ ಹಾಯುವ ಸುರಂಗದ ರಸ್ತೆಗೆ ಇಳಿದೆವು. ಅಲ್ಲಿ ಆಕಾಶ ಕಾಣುವುದಿಲ್ಲ, ಯಂತ್ರ ವೈರುಗಳನ್ನೇ ನಂಬಿ ಬಾಣ ಓಡಿಸಬೇಕು. ಗಾಡಿ ಮುಂದಕ್ಕೆ ಓಡುತ್ತಿದೆ, ಬಾಣ ಮಾತ್ರ ಮೆಲ್ಲಗೆ ಹಿಂದಕ್ಕೆ, ಹಿಂದಕ್ಕೆ. ಚಟಾಕಿ ಹಲ್ಲಿಲ್ಲದ ಬಾಯಲ್ಲಿ ಕೇಳಿದಳು, 'ತಾತಾ, ನಾವು ಹಿಂದಕ್ಕೆ ಹೋಗ್ತಿದ್ದೀವಾ?' ಉತ್ತರ ಹೇಳುವ ಮೊದಲು ನಾನು ಕಿಟಕಿಯಿಂದ ಹೊರಗೆ ಗೋಡೆ ನೋಡಿದೆ ಅಕ್ಕಾ. ನೋಡಿ ಖಚಿತ ಮಾಡಿಕೊಳ್ಳಬೇಕಾಯಿತು. ಚಿಕ್ಕವರು ಇಲ್ಲಿ ನಗಬಹುದು.

ಅಪ್ಪ ನೆನಪಾದ. ಯುದ್ಧದ ಸೀನಿಗೆ ಗುರಾಣಿಯ ಒಳಮೈಗೆ ಮಾತು ಬರೆದ ಚೀಟಿ ಅಂಟಿಸಿಕೊಳ್ಳುತ್ತಿದ್ದನಲ್ಲ, ಒಂದು ದಿನ ಎದುರಾಳಿ ಕತ್ತಿಯಿಂದ ಬಡಿದ ಹೊಡೆತಕ್ಕೆ ಚೀಟಿ ಉದುರಿ ಪ್ರೇಕ್ಷಕರ ಮಡಿಲಿಗೆ ಹಾರಿತು. ಅಪ್ಪ ಒಂದು ಕ್ಷಣವೂ ತಡೆಯದೆ, 'ಎಲವೋ, ನನ್ನ ಗುಪ್ತ ಪತ್ರವನ್ನು ಶತ್ರುಗಳ ಕೈಗೆ ಕೊಟ್ಟೆಯಾ' ಎಂದು ಗರ್ಜಿಸಿದ. ಎಂಥ ಚಪ್ಪಾಳೆ ಬಿತ್ತು.

ಅಂತೂ ಸ್ಪರ್ಧೆಯಲ್ಲಿ ಮೂರನೇ ಯಂತ್ರ ಗೆದ್ದಿದೆ, ಡ್ಯಾಶ್‌ಬೋರ್ಡಿನಲ್ಲಿ ಪಟ್ಟವೇರಿದೆ. ಭಾವನಿಗೆ ನಮಸ್ಕಾರ, ಮಕ್ಕಳಿಗೆಲ್ಲ ಆಶೀರ್ವಾದ, ಎಲ್ಲರ ಹಲ್ಲೂ ಗಟ್ಟಿಯಾಗಿ ಹುಟ್ಟಲಿ. ಪೋಸ್ಟ್‌ಮನ್ನರು ಇಲ್ಲಿ ಕೊನೆಯ ಸಲ ತಲೆಯಾಡಿಸಲಿ. ಪರದೆ ಬಿತ್ತು.

ನಿನ್ನ ತಮ್ಮ,
ಊರವರ ಬಾಯಲ್ಲಿ ಡೈಲಾಗಣ್ಣ

ತಾ.ಕ.: ಅಕ್ಕಾ, ಇಲ್ಲಿಂದ ಗಟ್ಟಿಯಾಗಿ ಓದಬೇಡ. ಮುಗೀತು ಅಂತ ಹೇಳಿ ಕಾಗದ ಮಡಚು. ಅವರೆಲ್ಲ ಎದ್ದು ಹೋದ ಮೇಲೆ ಒಳಗೆ ಹೋಗಿ ಒಬ್ಬಳೇ ಓದು.

ಬಾಣ ಹಿಂದಕ್ಕೆ ಓಡಿದ್ದು ಯಂತ್ರದ ತಪ್ಪಲ್ಲ. ಹಿಂದಕ್ಕೆ ಹೋಗುವುದನ್ನು ಹೇಳುವ ವೈರನ್ನು ನಾನು, ಮೂವತ್ತೊಂದು ವರ್ಷದ ಮೇಸ್ತ್ರಿ, ಕೀಲಿ ತಿರುಗಿಸಿದರೆ ಕರೆಂಟು ಬರುವ ವೈರಿಗೆ ಸೇರಿಸಿದ್ದೆ, ಗಾಡಿ ಸದಾ ಹಿಂದಕ್ಕೇ ಹೋಗುತ್ತಿದೆ ಎಂದು ಯಂತ್ರ ನಂಬಿತ್ತು. ಗುರುವಾರ ಸರಿಮಾಡೋಣವೆಂದು ಬಿಚ್ಚಿದೆ. ಆಗಲೇ ಸರಿಯಾಗಿತ್ತು. ಜೋಡಣೆಯ ಮೇಲೆ ಹಸಿರು ಟೇಪು. ನಾನು ಜೀವಮಾನದಲ್ಲಿ ಕಪ್ಪು ಟೇಪು ಬಿಟ್ಟು ಬೇರೆ ಸುತ್ತಿದವನಲ್ಲ. ಹಸಿರು ಸೊಸೆಯದು. ಬುಧವಾರ ಅವಳು ಗಾಡಿಯಲ್ಲಿ ಇರಲೇ ಇಲ್ಲ, ಹುಡುಗಿ ಬಾಯಿ ಬಿಟ್ಟಿರಬೇಕು. ಆಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಸರ್ವೀಸಿಗೆ ಬಂದ ಗಾಡಿಗಳಲ್ಲಿ ನಾನೇ ಮಾಡಿದ ಕೆಲಸಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ಆರು ತಿಂಗಳ ಹಿಂದಿನ ಗಾಡಿಯಲ್ಲೂ ಹಸಿರು ಟೇಪು ಇದೆ ಅಕ್ಕಾ. ಏಳು ಗಾಡಿಗಳಲ್ಲಿ ಐದರಲ್ಲಿ. ನನ್ನ ಬೆನ್ನ ಹಿಂದೆ ಬಂದು, ಒಂದು ಮಾತೂ ಆಡದೆ, ನನ್ನ ತಪ್ಪುಗಳನ್ನೆಲ್ಲ ತಿದ್ದಿ ಸುತ್ತಿಟ್ಟಿದ್ದಾಳೆ. ಅವಳು ವಿಂಗಿನಲ್ಲಿ ಕೂತು ಆರು ತಿಂಗಳಾಯಿತು. ನಟನಿಗೇ ಗೊತ್ತಿಲ್ಲ.

ಆದರೂ ದಿನಾ ಮೂರೂಕಾಲಕ್ಕೆ ಮಗುವನ್ನು ನನ್ನ ಜೊತೆ ಕಳಿಸುತ್ತಿದ್ದಾಳೆ. ನನಗೆ ನೋವಾಗದಿರಲೆಂದು. ಅದೇ ನನ್ನನ್ನು ನಡುಗಿಸುತ್ತಿರುವುದು. ಟ್ಯಾಂಕಿನ ಸುತ್ತ ಸುತ್ತಿದ ದಿನ ಎದುರಿಗೆ ಲಾರಿ ಬಂದಿದ್ದರೆ ಆಟ ಅಂತ ಯಾರಿಗೆ ಹೇಳುತ್ತಿದ್ದೆ.

ಈಗ ಕೇಳಬೇಕಾದ್ದು ಕೇಳುತ್ತೇನೆ. ಅಪ್ಪ ಕೊನೆಗೆ ಡೇರೆಯಿಂದ ಬಿಡಾರಕ್ಕೆ ದಾರಿ ತಪ್ಪಿ, ವೇಷದಲ್ಲೇ ಬೀದಿ ಬೀದಿ ಅಲೆದದ್ದು ಎಲ್ಲರಿಗೂ ಗೊತ್ತು. ಆದರೆ ಅದಕ್ಕೆ ಮುಂಚೆ ವರ್ಷಗಟ್ಟಲೆ ಅವನ ಉಸಿರು ಕೇಳುತ್ತಾ ಕತ್ತಲಲ್ಲಿ ಕೂತಿದ್ದವಳು ನೀನು. ನಿನಗೆ ಮೊದಲು ಗೊತ್ತಾಗಿರಬೇಕು. ಶುರು ಹೇಗಿತ್ತು? ನನ್ನ ಹಾಗೇ ಇತ್ತಾ? ಗುರಾಣಿಯೊಳಗಿನ ಆ ಚೀಟಿ ತಮಾಷೆಗಲ್ಲ ತಾನೇ? ಉತ್ತರವನ್ನು ಬೇರೆ ಕಾಗದದಲ್ಲಿ ಬರೆ. ಸಮಾಧಾನ ಬೇಡ, ಇದ್ದದ್ದು ಇದ್ದ ಹಾಗೆ ಬರೆ. ನೀನು ಯಾವತ್ತೂ ಸುಳ್ಳು ಮಾತು ಎತ್ತಿಕೊಟ್ಟವಳಲ್ಲ.

ನಾಳೆ ಬೆಳಗ್ಗೆ ಎಂಟು ಗಂಟೆಗೆ, ಷಟರ್ ಎತ್ತುವ ಮೊದಲು, ಪಿಕಪ್ಪಿನ ಕೀಲಿಯನ್ನು ಸೊಸೆಯ ಕೈಗಿಟ್ಟು ನಾನು ಪಕ್ಕದ ಸೀಟಿನಲ್ಲಿ ಕೂರುತ್ತೇನೆ, ಚಟಾಕಿ ನಮ್ಮಿಬ್ಬರ ನಡುವೆ. ಅವಳನ್ನು ಶಾಲೆಗೆ ಬಿಟ್ಟು ಅಲ್ಲಿಂದ ಸೀದಾ ನರದ ಡಾಕ್ಟರ ಹತ್ತಿರ ಹೋಗುತ್ತೇವೆ. ನಾನು ಆಡಬೇಕಾದ ಮಾತು ಒಂದೇ ಸಾಲು, 'ಅಮ್ಮಾ, ಹಸಿರು ಟೇಪು ನೋಡಿದೆ, ಇನ್ನು ಗಾಡಿ ನೀನೇ ಓಡಿಸು.' ಬೆಳಗಿನಿಂದ ಮೂವತ್ತು ಸಲ ಹೇಳಿ ಬಾಯಿಪಾಠ ಮಾಡಿದ್ದೇನೆ. ಆದರೂ ನಾಳೆ ಮೆಟ್ಟಿಲು ಇಳಿಯುವ ಮುಂಚೆ ಅದನ್ನು ಅಂಗೈ ಮೇಲೆ ಬರೆದುಕೊಳ್ಳುತ್ತೇನೆ.