ನಿಮ್ಮ ಪಟ್ಟಿಯಲ್ಲಿಲ್ಲದ ಆಡು

ಹದಿಹರೆಯದವರ ಹಣಕಾಸು ಕಲಿಕೆ ಕಾರ್ಯಕ್ರಮದ ಜಿಲ್ಲಾ ಸಂಯೋಜಕರಿಗೆ, ವಿಜಯಪುರ

ಮಾನ್ಯರೇ,

ತಾವು ಆಡಿದ ಮಾತಿಗೆ ತಪ್ಪಿದ್ದೀರಿ. ಆಡಿದ್ದು ಆಡಿನ ವಿಷಯದಲ್ಲಿ. ಆದ್ದರಿಂದ ಆಡಿನ ಒಡೆಯನಾದ ನಾನೂ ನಾಲ್ಕು ಮಾತು ಆಡಬೇಕಾಗಿದೆ.

ಹತ್ತನೆಯ ತರಗತಿಯ ಮಕ್ಕಳು ಗಳಿಕೆ, ಉಳಿತಾಯ, ಹೂಡಿಕೆಗಳನ್ನು ತಾವೇ ಆರಿಸಿಕೊಂಡ ಯೋಜನೆಯಿಂದ ಕಲಿಯಬೇಕೆಂದು ಬಬಲೇಶ್ವರದ ನಮ್ಮ ಶಾಲೆಗೆ ಸುತ್ತೋಲೆ ಕಳಿಸಿದವರು ತಾವು. 'ತಾವೇ' ಎಂಬ ಪದದ ಕೆಳಗೆ ಗೆರೆಯನ್ನೂ ಎಳೆದಿದ್ದಿರಿ. ಶಾಲೆಯ ಎದುರಿನ ಕಿರಾಣಿ ಅಂಗಡಿಯಲ್ಲಿ ಪದವಿಯನ್ನು ಗೋಡೆಗೆ ತೂಗುಹಾಕಿ ಬೆಲ್ಲ ತೂಗುತ್ತಿರುವ ನಾನು ಅದನ್ನೋದಿ, ಸರ್ಕಾರಕ್ಕೂ ಒಮ್ಮೊಮ್ಮೆ ಬುದ್ಧಿ ಬರುತ್ತದಲ್ಲ ಎಂದು ಹಿಗ್ಗಿದೆ. ಹಿಗ್ಗಿದ್ದು ನನ್ನ ತಪ್ಪು, ಬಿಡಿ.

ಮರುದಿನವೇ ರಾಚವ್ವ ಎಂಬ ಹುಡುಗಿ ಅಂಗಡಿಗೆ ಬಂದಳು. "ಜಿಲಾನಿ ಕಾಕಾ, ನಿಮ್ಮ ಆಡು ನನಗ ಪಾಲಿಗೆ ಕೊಡ್ರಿ. ನನ್ನ ಯೋಜನಾ ಅದು."

"ಬ್ಯಾಂಕಿನ ಮ್ಯಾಲ ಬರಿಯಬಾರದೇನಬೇ?"

"ಬ್ಯಾಂಕ್ ಮರಿ ಹಾಕತೈತೇನ್ರಿ?"

ನಮ್ಮ ಕಡೆಯ ಪಾಲಿನ ಪದ್ಧತಿ ತಮಗೆ ತಿಳಿದಿರಲಿಕ್ಕಿಲ್ಲ. ಆಡು ನನ್ನದು, ಮೇಯಿಸುವುದು ಅವಳದು, ಹುಟ್ಟಿದ ಮರಿಗಳು ಇಬ್ಬರಿಗೂ ಸಮ. ಆದರೆ ಮರಿಗಳು ತಾಯಿಯ ಹಾಲು ಬಿಟ್ಟು ಸೊಪ್ಪಿಗೆ ಹೊರಳುವ ಮೊದಲೇ ಸಾಕಿದವರು ಆಡನ್ನು ತಂದು ಒಡೆಯನ ಗೂಟಕ್ಕೆ ಕಟ್ಟಿದರೆ ಅವರ ಪಾಲು ಹೋಯಿತು. ಹಾಲು ಬಿಡುವುದರೊಳಗೆ ಮತ್ತೆ ಬಿಚ್ಚಿಕೊಂಡು ಹೋದರೆ ಪಾಲು ಉಳಿಯಿತು. ಕಾಗದವಿಲ್ಲ, ಸಾಕ್ಷಿಯಿಲ್ಲ, ಆದರೂ ಯಾರೂ ಮೀರುವುದಿಲ್ಲ.

ಅವಳ ತಾಯಿ ಮಲಕವ್ವ ಒಂದು ಷರತ್ತು ಹಾಕಿದ್ದಳು. ಮಗಳು ತನ್ನ ಪಾಲಿನ ಮರಿ ಮನೆಗೆ ತಂದರೆ ವಿಜಯಪುರದ ಪಿಯು ಕಾಲೇಜಿಗೆ ಕಳಿಸುವುದು, ಇಲ್ಲದಿದ್ದರೆ ಹತ್ತನೆಯದಕ್ಕೇ ಓದು ಮುಗಿಯಿತು. ರಾಚವ್ವ ಮರಿಯಿಂದ ಹಿಂಡಿನವರೆಗೆ, ಹಿಂಡಿನಿಂದ ಬಸ್ ಪಾಸಿನವರೆಗೆ ಲೆಕ್ಕ ಹಾಕಿದ್ದಳು. ಇದಕ್ಕಿಂತ ಒಳ್ಳೆಯ ಹೂಡಿಕೆಯ ಪಾಠ ತಮ್ಮ ಯಾವ ಕೈಪಿಡಿಯಲ್ಲಿದೆ?

ತಾವೂ ಬಂದು ನೋಡಿದಿರಿ. ಆಡಿನ ಕೊರಳು ತಬ್ಬಿ "ಇದೇ ನಿಜವಾದ ಬಂಡವಾಳ" ಎಂದಿರಿ. ಆ ಫೋಟೋ ಈಗ ಕಾರ್ಯಕ್ರಮದ ಪುಸ್ತಿಕೆಯ ಮುಖಪುಟದಲ್ಲಿದೆ: ತಾವು ಪೂರ್ತಿ ಇದ್ದೀರಿ, ಆಡು ಪೂರ್ತಿ ಇದೆ, ಹುಡುಗಿಯದು ಮೊಣಕೈ ಮಾತ್ರ.

ಆಡು ಎರಡು ಮರಿ ಹಾಕಿತು. ಅದರ ಬೆನ್ನಿಗೇ ತಮ್ಮ ಆದೇಶ ಬಂತು. ಕಂಪ್ಯೂಟರಿನ ಪಟ್ಟಿಯಲ್ಲಿ ಬ್ಯಾಂಕ್ ಖಾತೆ, ವಿಮೆ, ಅಂಚೆ ಉಳಿತಾಯ ಇವೆಯೇ ಹೊರತು ಆಡು ಇಲ್ಲವಂತೆ. ಆದಕಾರಣ ಸದರಿ ಪ್ರಾಣಿಯನ್ನು ಒಡೆಯನಿಗೆ ಹಿಂದಿರುಗಿಸಿ ವರದಿ ಮಾಡತಕ್ಕದ್ದು, ತಪ್ಪಿದಲ್ಲಿ ಆಂತರಿಕ ಅಂಕವಿಲ್ಲ. ಸ್ವಾಮಿ, 'ಆಡಳಿತ'ದೊಳಗೇ ಆಡು ಇರುವಾಗ ಆಡಳಿತದ ಪಟ್ಟಿಯಲ್ಲಿ ಮಾತ್ರ ಏಕಿಲ್ಲ? ಮಕ್ಕಳು ಆರಿಸುವ ಮೊದಲೇ ತಾವು ಆರಿಸಿಟ್ಟಿದ್ದರೆ, ಆ ಗೆರೆ ಎಳೆದದ್ದು ಯಾರ ಕಣ್ಣಿಗೆ ಮಣ್ಣೆರಚಲು?

ಹೆದರಿದ ಹೆಡ್‌ಮಾಸ್ತರರು ವಿಜಯಪುರದ ಗಾಂಧಿ ಚೌಕದಿಂದ ಥರ್ಮಾಕೋಲಿನ ಬ್ಯಾಂಕೊಂದನ್ನು ಕೊಂಡು ತಂದು ಅದಕ್ಕೆ ರಾಚವ್ವನ ಹೆಸರು ಅಂಟಿಸಿದರು. ಅದು ತಮ್ಮ ಮೆಚ್ಚುಗೆಯನ್ನೂ ಪಡೆಯಿತು. ಅದರ ಬಾಗಿಲು ತೆರೆಯುವುದಿಲ್ಲ. ತಮ್ಮ ಕಾರ್ಯಕ್ರಮದ ನಿಖರ ಮಾದರಿ.

ರಾಚವ್ವ ಆಡು, ಮರಿ ಎಲ್ಲವನ್ನೂ ಹೊಡೆದುಕೊಂಡು ಬಂದು ನನ್ನ ಗೂಟಕ್ಕೆ ಕಟ್ಟಿದಳು.

"ನಿನ್ನ ಮರಿ ಬಿಚಗೊಂಡ ಹೋಗಬೇ," ಎಂದೆ.

"ಹಾಲ ಬಿಡೂಕಿಂತ ಮೊದಲ ನಾನ ತಂದ ಕಟ್ಟೇನಿ. ಪಾಲ ಹೆಂಗ ಬರತೈತ್ರಿ?"

"ಒಡಿಯಾ ನಾನು. ನಾನ ಕೊಡಾಕತ್ತೇನಲ್ಲ!"

"ಅದು ದಾನ ಆಕ್ಕೈತಿ ಕಾಕಾ. ನಾ ಕೇಳಿದ್ದು ಪಾಲು."

ಜತೆಗೆ ಬಂದಿದ್ದ ಅವಳ ಗೆಳತಿ ಕೈನಾತ ಸುಮ್ಮನಿರಲಿಲ್ಲ. "ತಗೋಳಲೇ ಹುಚ್ಚಿ! ಸಾಹೇಬ್ರಿಗೆ ಇಲ್ಲದ ನೀತಿ ನಿನಗ್ಯಾಕ?" ರಾಚವ್ವ ಹಗ್ಗದ ಗಂಟನ್ನು ಇನ್ನಷ್ಟು ಬಿಗಿ ಮಾಡಿದಳು.

ನಾನು ಮಲಕವ್ವನ ಮನೆಗೂ ಹೋಗಿ ಬಂದೆ. ಆಕೆ ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಸಮಾಧಾನ ಹೇಳಬಹುದಿತ್ತು. "ಮರಿದಲ್ಲರಿ ಚಿಂತಿ," ಎಂದಳು. "ಆರಿಸಕೋ ಅಂದವ್ರೂ ಸಾಲಿಯವ್ರ, ಬ್ಯಾಡ ಅಂದವ್ರೂ ಸಾಲಿಯವ್ರ. ನಾಳೆ ಕಾಲೇಜಿನವ್ರ ಮಾತ ನಂಬಿ ಹುಡುಗಿನ್ನ ಹೆಂಗ ಕಳಸ್ಲಿ?" ನನ್ನ ಪದವಿಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತಮ್ಮ ಹುದ್ದೆಯಲ್ಲಿ ಇದ್ದರೆ ದಯಮಾಡಿ ತಿಳಿಸಿ.

ನನ್ನ ಬೇಡಿಕೆ ಸಣ್ಣದು. ಆದೇಶವನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ರಾಚವ್ವನ ಯೋಜನೆ ಅವಳು ಆರಿಸಿದ್ದೇ ಎಂದು ಬರೆಯಿರಿ. ಆ ಪತ್ರ ಹಿಡಿದು ತಾವೇ ಬಂದು ಮಲಕವ್ವನೆದುರು ಓದಿ. ಅವಳು ಆಡು ಬಿಚ್ಚಿಕೊಂಡು ಹೋಗಲಿ, ಪಾಲು ತಾನಾಗಿ ಉಳಿಯುತ್ತದೆ. ಆದರೆ ಕಡತ ಕದಲುವವರೆಗೆ ಮರಿ ಕಾಯುವುದಿಲ್ಲ, ಸ್ವಾಮಿ. ಇಂದು ಮುಂಜಾನೆ ಎರಡೂ ತಾಯಿಯನ್ನು ಬಿಟ್ಟು ಬೇವಿನ ಸೊಪ್ಪಿಗೆ ಬಾಯಿ ಹಾಕಿದವು. ನಾನು ಸೊಪ್ಪನ್ನು ಕಸಿದು, ಮತ್ತೆ ಕೆಚ್ಚಲಿನ ಕಡೆ ತಳ್ಳಿದ್ದೇನೆ.

ಇಂತಿ,
ಬೇಡದ ಮರಿಗೆ ಒಡೆಯನಾಗುವ ಭಯದಲ್ಲಿರುವ,
ಜಿಲಾನಿ
ಕಿರಾಣಿ ಅಂಗಡಿ, ಬಬಲೇಶ್ವರ