ಪಕ್ಕದ ಸೀಟು

ಮಾರ್ಚ್ 1, ಶುಕ್ರವಾರ

...ಪಕ್ಕದ ಸೀಟಲ್ಲಿ ಕೂತಾಗ ನೀವು ಒಳ್ಳೆಯವರು ಕಣ್ರೀ, ಅಂದಳೋ, ಎಷ್ಟು ಒಳ್ಳೆಯವರು ಅಂದಳೋ. ಸರಿಯಾಗಿ ನೆನಪಾಗುತ್ತಿಲ್ಲ.

ಇಲ್ಲಿ ಕುವೈತಿನಲ್ಲಿ ಯಾಮಿನಿಗೆ ಲೈಸೆನ್ಸ್ ಇಲ್ಲ. ಬಂದಾಗಿನಿಂದ ಅವಳನ್ನು ಎಲ್ಲಿಗೇ ಆದರೂ ನಾನೇ ಕರೆದೊಯ್ಯಬೇಕು. ಹೋದ ತಿಂಗಳು ಫ್ರಾನ್ಸಿಗೆ ಪ್ರವಾಸ ಹೋದಾಗ, ಅಲ್ಲಿ ನಮ್ಮೂರಿನ ಲೈಸೆನ್ಸ್ ನಡೆಯುತ್ತದೆಂದು ಉದ್ದಕ್ಕೂ ಅವಳೇ ಕಾರು ಓಡಿಸಿದಳು. ಫೆಬ್ರವರಿಯಲ್ಲಿ ಆ ಕಡೆ ಯಾರೂ ಹೋಗುವುದಿಲ್ಲ. ದ್ರಾಕ್ಷಿ ತೋಟಗಳಲ್ಲಿ ಬರೀ ಮೋಟು ಬಳ್ಳಿ, ಹಳ್ಳಿಗಳಲ್ಲಿ ಮುಚ್ಚಿದ ಕಿಟಕಿ. ಒಂದು ಮಧ್ಯಾಹ್ನ ಯಾವ ಹೋಟೆಲೂ ತೆರೆದಿರದೆ, ಚರ್ಚಿನ ಎದುರು ಕಾರಿನಲ್ಲೇ ಕೂತು ಬ್ರೆಡ್ಡಿಗೆ ಚಟ್ನಿಪುಡಿ ಹಚ್ಚಿಕೊಂಡು ತಿಂದೆವು. ನನಗೆ ಮಂಕು ಕವಿದಿತ್ತು. ಅವಳು ಬೆರಳು ನೆಕ್ಕುತ್ತಾ ಆ ಮಾತು ಹೇಳಿ ನಕ್ಕಳು. ಅವಳು ಅಷ್ಟು ಜೋರಾಗಿ ನಗುವುದನ್ನು ಕೇಳಿ ಎಷ್ಟೋ ಕಾಲವಾಗಿತ್ತು.

ಪ್ಯಾರಿಸಿನಿಂದ ನಾನು ಇಲ್ಲಿಗೆ ಬಂದೆ, ಅವಳು ತನ್ನ ಅಕ್ಕನನ್ನು ನೋಡಲು ಮೈಸೂರಿಗೆ ಹೋದಳು. ನಾಳೆ ಬರಬೇಕಿತ್ತು. ಬೆಳಿಗ್ಗೆ ಫೋನ್ ಮಾಡಿದಳು.

"ಅಕ್ಕನ ಕಾರು ಸುಮ್ನೆ ನಿಂತಿತ್ತು ರೀ. ನಿನ್ನೆ ನಾನೊಬ್ಳೇ ಮೇಲುಕೋಟೆಗೆ ಹೋಗಿ ಬಂದೆ. ಇನ್ನೊಂದು ತಿಂಗಳು ಇದ್ದು ಬರ್ಲಾ?"

"ಟೈರಿನ ಗಾಳಿ ನೋಡಿಸಿದೆಯಾ?" ಎಂದೆ.

"ನೋಡಿಸ್ದೆ. ಟಿಕೆಟ್ ಮುಂದಕ್ಕೆ ಹಾಕಿಸ್ತೀನಿ ಹಾಗಾದ್ರೆ," ಎಂದು ಫೋನ್ ಇಟ್ಟಳು.

ಯಾಕೆ ಹಾಗೆ ಕೇಳಿದೆನೋ. ಇದು ಸಿಟ್ಟೋ, ಭಯವೋ, ಹೊಟ್ಟೆಕಿಚ್ಚೋ, ನನಗೇ ತಿಳಿಯುತ್ತಿಲ್ಲ. ಸಂಜೆ ತರಕಾರಿಗೆಂದು ಅಬ್ಬಾಸಿಯಾದ ಮಾರ್ಕೆಟ್ಟಿನವರೆಗೆ ಹೋಗಿ, ಕಾರಿನಿಂದ ಇಳಿಯದೆ ವಾಪಸು ಬಂದೆ. ಅವಳು ಖುಷಿಯಾಗಿದ್ದಾಳೆ. ಅದು ಒಳ್ಳೆಯದೇ, ಆದರೆ...

ಯಾಮಿನಿ, ಇದ್ದು ಬರ್ಲಾ ಎಂದು ಕೇಳಿದೆಯಲ್ಲ, ನಾನು ಬೇಡ ಅಂದಿದ್ದರೆ ನಾಳೆ ಬರುತ್ತಿದ್ದೆಯಾ?